ಸೋತರೂ ನಷ್ಟವಿಲ್ಲದ ಆಟಕ್ಕೆ ನಿದ್ದೆಗೆಡುವುದೇಕೆ?

ನಿನ್ನೆ ರಾತ್ರಿ ಒಂದೂವರೆಗೆ ಎದ್ದು ಅಕ್ಕನ ಮಗನ ಜೊತೆ ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಪಂದ್ಯ ನೋಡಲು ಕುಳಿತೆ. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿರುವ ಹುಡುಗ ತಾನು ಮೆಚ್ಚಿದ ಕ್ಲಬ್ಬಿನ ಜೆರ್ಸಿ ತೊಟ್ಟೇ ಕೂತಿದ್ದ. ಆ ತಂಡ ಎರಡನೇ ಗೋಲು ಬಿಟ್ಟುಕೊಟ್ಟಾಗ ನಾನು ತಲೆಯ ಮೇಲೆ ಕೈ ಹೊತ್ತೆ. ಅವನು ಮೊಬೈಲಿನಿಂದ ಕಣ್ಣೆತ್ತದೆ, "ಸೋತ್ರೆ ಸೋಲ್ಲಿ ಬಿಡು ಮಾಮಾ, ಇನ್ನೂ ನಾಕು ಮ್ಯಾಚ್ ಅದಾವೆ" ಎಂದ. ಆಗಿನಿಂದ ಮನಸ್ಸು ಕಹಿಯಾಗಿದೆ. ಅವನು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿಲ್ಲ ಎಂಬುದೇ ನನ್ನ ಸಂಕಟ. ರೋಮಾಂಚನ ಬೇಕೆಂದರೆ ಕ್ಲಬ್ಬುಗಳ ಆಟಕ್ಕಿಂತ ದೇಶದೇಶಗಳ ನಡುವಿನ ಆಟವೇ ಮೇಲು ಎಂಬುದು ನನ್ನ ವಾದ.

2024ರಲ್ಲಿ ಬಂದ ಹೊಸ ಪದ್ಧತಿಯನ್ನೇ ನೋಡಿ. 36 ತಂಡಗಳು ತಲಾ ಎಂಟು ಪಂದ್ಯ, ಒಟ್ಟು 144 ಪಂದ್ಯ ಆಡಿದ ಮೇಲೆ ಹೊರಬೀಳುವುದು ಕೇವಲ 12 ತಂಡ. ಮೊದಲ ವರ್ಷವೇ ಪ್ಯಾರಿಸ್ ಸೇಂಟ್ ಜರ್ಮೈನ್ ಎಂಟರಲ್ಲಿ ಮೂರು ಸೋತು 15ನೇ ಸ್ಥಾನದಲ್ಲಿತ್ತು. ಆ ಮೂರು ಸೋಲುಗಳಿಗೆ ಅದು ತೆತ್ತ ದಂಡ ಎರಡು ಹೆಚ್ಚುವರಿ ಪಂದ್ಯ ಮಾತ್ರ. ಫೈನಲಿನಲ್ಲಿ ಇಂಟರ್ ಮಿಲಾನ್ ತಂಡವನ್ನು 5–0ರಿಂದ ಮಣಿಸಿದ ಅವರ ಆಟ ನಿಜಕ್ಕೂ ಸುಂದರವಾಗಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಅಲ್ಲಿಗೆ ತಲುಪುವ ತನಕ ನೋಡುವವನ ಎದೆ ಎಷ್ಟು ಸಲ ಡವಗುಟ್ಟಿತು?

ನಾನು ಹತ್ತು ವರ್ಷ ಗೋಲ್‌ಕೀಪರ್ ಆಗಿ ನಿಂತವನು. ನಮ್ಮ ಹೈಸ್ಕೂಲ್ ಮೈದಾನದಲ್ಲಾಗಲಿ, ಸೋತವರು ಹೊರಬೀಳುವ ಹೊರ ಊರಿನ ನಾಕೌಟ್ ಟೂರ್ನಿಯಲ್ಲಾಗಲಿ, ಒಂದು ಚೆಂಡು ಕೈತಪ್ಪಿತೆಂದರೆ ಚೀಲ ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಊರಿಗೆ ಮರಳಬೇಕಿತ್ತು. ಆ ಬಸ್ಸಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ಭಯವೇ ಆಟದ ಉಪ್ಪು.

ಕ್ಲಬ್ ಫುಟ್‌ಬಾಲಿನ ದ್ವೇಷಿ ನಾನಲ್ಲ. 2005ರಲ್ಲಿ ಇಸ್ತಾಂಬುಲ್‌ನಲ್ಲಿ ಲಿವರ್‌ಪೂಲ್ ಮೂರು ಗೋಲುಗಳ ಹಿನ್ನಡೆಯಿಂದ ಎದ್ದು ಎಸಿ ಮಿಲಾನ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿದ ರಾತ್ರಿ ಹಾಸ್ಟೆಲಿನ ಟಿವಿಯ ಮುಂದೆ ಅತ್ತವನು ನಾನು. ಆ ಪ್ರೀತಿ ಹೇಗೆ ಬತ್ತಿತೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಬೇಯರ್ನ್ ಮ್ಯೂನಿಕ್ 2013ರಿಂದ 2023ರವರೆಗೆ ಸತತ 11 ಬಾರಿ ಜರ್ಮನಿಯ ಲೀಗ್ ಗೆದ್ದಿತು. 2017ರಲ್ಲಿ ನೇಯ್ಮಾರ್ ಎಂಬ ಆಟಗಾರನೊಬ್ಬನ ವರ್ಗಾವಣೆಗಾಗಿ ಕ್ಲಬ್ಬುಗಳ ನಡುವೆ 22.2 ಕೋಟಿ ಯೂರೋ ಕೈಬದಲಾಯಿತು. ತಂಡದಲ್ಲಿ ಕಂಡ ಕೊರತೆಯನ್ನೆಲ್ಲ ಹಣ ಸುರಿದು ತುಂಬಬಹುದಾದರೆ ಕೊರತೆ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ.

ಆಟದ ಗುಣಮಟ್ಟ ಕ್ಲಬ್ಬುಗಳಲ್ಲೇ ಹೆಚ್ಚು, ದೇಶದ ತಂಡಕ್ಕೆ ಒಟ್ಟಿಗೆ ಅಭ್ಯಾಸ ಮಾಡಲು ಸಿಗುವುದೇ ಕೆಲವು ದಿನ ಎಂದು ಗೆಳೆಯರು ವಾದಿಸುತ್ತಾರೆ. ನಿಜ, ಪಾಸುಗಳ ಅಚ್ಚುಕಟ್ಟು ಅಲ್ಲೇ ಹೆಚ್ಚು. ಆದರೆ ನಾನು ಕೇಳುತ್ತಿರುವುದು ಅಚ್ಚುಕಟ್ಟನ್ನಲ್ಲ, ರೋಮಾಂಚನವನ್ನು. 2016ರ ಯೂರೋ ಕಪ್ಪಿನಲ್ಲಿ ಇಂಗ್ಲೆಂಡ್ ತಂಡವನ್ನು 2–1ರಿಂದ ಮನೆಗೆ ಕಳಿಸಿದ ಐಸ್‌ಲ್ಯಾಂಡಿನ ಜನಸಂಖ್ಯೆ ಆಗ ಸುಮಾರು ಮೂರೂಕಾಲು ಲಕ್ಷ. ನಮ್ಮ ದಾವಣಗೆರೆ ನಗರವೊಂದೇ 2011ರ ಜನಗಣತಿಯಲ್ಲಿ ನಾಲ್ಕು ಲಕ್ಷ ದಾಟಿತ್ತು! ಆ ಪುಟ್ಟ ದೇಶ ಆಟಗಾರರನ್ನು ಕೊಂಡು ತರುವಂತಿರಲಿಲ್ಲ, ಇದ್ದವರನ್ನೇ ಕಟ್ಟಿಕೊಂಡು ಬಂದಿತ್ತು. 2022ರ ವಿಶ್ವಕಪ್ಪಿನಲ್ಲಿ ಮ್ಯಾಡ್ರಿಡ್‌ನಲ್ಲೇ ಹುಟ್ಟಿದ ಅಶ್ರಫ್ ಹಕೀಮಿ ತಾಯ್ತಂದೆಯರ ಮೊರಾಕ್ಕೊ ಪರವಾಗಿ ಸ್ಪೇನ್ ವಿರುದ್ಧ ಕೊನೆಯ ಪೆನಾಲ್ಟಿಯನ್ನು ಮೆಲ್ಲಗೆ ಎತ್ತಿ ಗೋಲಿನೊಳಗೆ ಇಳಿಸಿದ. ಯಾವ ವರ್ಗಾವಣೆ ಶುಲ್ಕ ಆ ಕ್ಷಣವನ್ನು ಕೊಟ್ಟೀತು?

ಅರ್ಜೆಂಟೀನಾ ಕೂಡ ಮೊದಲ ಪಂದ್ಯವನ್ನು ಸೌದಿ ಅರೇಬಿಯಾಕ್ಕೆ ಸೋತೂ ಕಪ್ ಗೆಲ್ಲಲಿಲ್ಲವೇ ಎಂದು ಕೇಳುವಿರಿ. ಗೆದ್ದಿತು. ಆದರೆ ಆ ಸೋಲಿನ ನಂತರ ಮೆಕ್ಸಿಕೊ ಎದುರು ಮೆಸ್ಸಿಯ ಗೋಲು ಬರುವ ತನಕ ಉಸಿರು ಬಿಗಿಹಿಡಿದು ಕೂತದ್ದನ್ನು ಮರೆತಿರಾ? ಅಲ್ಲಿ ಎಡವಿದರೆ ಮುಂದಿನ ಅವಕಾಶ ನಾಲ್ಕು ವರ್ಷದ ಆಚೆಗೆ.

ನನ್ನ ಹೆದರಿಕೆಯನ್ನೂ ಹೇಳಿಬಿಡುತ್ತೇನೆ. 2026ರಿಂದ ವಿಶ್ವಕಪ್ಪಿಗೆ 48 ತಂಡ, 104 ಪಂದ್ಯ. ಗುಂಪು ಹಂತದಲ್ಲಿ ಮೂರನೇ ಸ್ಥಾನಕ್ಕೆ ಬಂದ ಎಂಟು ತಂಡಗಳಿಗೂ ಮುಂದಕ್ಕೆ ದಾರಿ. ಕ್ಲಬ್ ಆಟಕ್ಕೆ ಹತ್ತಿದ ರೋಗ ಇಲ್ಲಿಗೂ ಬರುತ್ತಿದೆ.

2022ರ ಡಿಸೆಂಬರ್ 18ರ ರಾತ್ರಿ, ಅರ್ಜೆಂಟೀನಾ ವಿರುದ್ಧದ ವಿಶ್ವಕಪ್ ಫೈನಲಿನಲ್ಲಿ, ಇದೇ ಅಕ್ಕನ ಮಗ ಫ್ರಾನ್ಸ್ ಕಡೆಗಿದ್ದ. ಎಂಬಾಪೆ ಮೂರು ಗೋಲು ಹೊಡೆದೂ 3–3ರಲ್ಲಿ ನಿಂತ ಪಂದ್ಯ ಪೆನಾಲ್ಟಿಗಳಲ್ಲಿ ಕೈತಪ್ಪಿದಾಗ ಆತ ತಟ್ಟೆಯಲ್ಲಿದ್ದ ಅನ್ನವನ್ನು ಹಾಗೆಯೇ ಬಿಟ್ಟು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಅಕ್ಕ ಎಷ್ಟು ಕರೆದರೂ ಹೊರಗೆ ಬರಲಿಲ್ಲ. ನಿನ್ನೆ ಪಂದ್ಯ ಮುಗಿಯಲು ಇನ್ನೂ ಹತ್ತು ನಿಮಿಷವಿರುವಾಗಲೇ ಮೊಬೈಲನ್ನು ಚಾರ್ಜಿಗೆ ಹಾಕಿ ಮಲಗಿದ. ಎರಡೇ ನಿಮಿಷದಲ್ಲಿ ನಿದ್ದೆ ಹತ್ತಿತ್ತು.