ಸಕ್ಕರೆ ಕಂಪನಿ ಕೊಟ್ಟ ಸೈಕಲ್

ನಮ್ಮ ಬಡಾವಣೆಯ ಪಾರ್ಕಿಗೆ ಹೊಸ ಬೋರ್ಡ್ ಬಂದಿದೆ. ‘ಆರೋಗ್ಯಕರ ಜೀವನಶೈಲಿಗಾಗಿ ಸರ್ಕಾರಿ-ಖಾಸಗಿ ಸಹಭಾಗಿತ್ವ’ ಅಂತ. ಸರ್ಕಾರದ ಲಾಂಛನ ಬಟಾಣಿ ಕಾಳಿನಷ್ಟು, ಕೂಲ್‌ಡ್ರಿಂಕ್ಸ್ ಕಂಪನಿಯ ಲೋಗೋ ಊಟದ ತಟ್ಟೆಯಷ್ಟು. ಕೆಳಗೆ ‘ದಿನಾ 10,000 ಹೆಜ್ಜೆ ನಡೆಯಿರಿ’. ಬೋರ್ಡಿನ ಕಂಬ ನೆಟ್ಟಿರೋದು ನಡೆಯೋ ದಾರಿಯ ನಟ್ಟನಡುವೆ. ಎರಡನೇ ಹೆಜ್ಜೆಗೇ ಸೊಂಟ ಬಳುಕಿಸಿ ದಾಟಬೇಕು. ಅದೂ ಯೋಜನೆಯ ಭಾಗವೇ ಇರಬೇಕು.

ಉದ್ಘಾಟನೆಯ ದಿನ ಬಂದವರಿಗೆಲ್ಲ 200 ಎಂಎಲ್ ಬಾಟಲಿ ಪುಕ್ಕಟೆ. ಅಂದರೆ ಸುಮಾರು 20 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಪಕ್ಕದ ಮನೆ ಅಂಕಲ್ “ನಂಗೆ ಶುಗರ್ ಇದೆಯಪ್ಪಾ” ಅಂದರು. ಕಂಪನಿ ಟೀಶರ್ಟಿನ ಹುಡುಗ “ಪರವಾಗಿಲ್ಲ ಸಾರ್, ಎರಡು ರೌಂಡ್ ಹೊಡೀರಿ, ಕರಗಿಹೋಗುತ್ತೆ” ಅಂದ.

ಹುಡುಗನನ್ನು ನೋಡಿ ನಗಬೇಡಿ. 2015ರಲ್ಲಿ ಅಮೆರಿಕದ ಪ್ರೊಫೆಸರುಗಳ ಕೂಟವೊಂದು ಹೇಳುತ್ತಿದ್ದದ್ದೂ ಹೆಚ್ಚುಕಮ್ಮಿ ಇದನ್ನೇ: ತಿನ್ನೋ ಕುಡಿಯೋದರ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ, ವ್ಯಾಯಾಮ ಮಾಡಿ. ಆ ಕೂಟಕ್ಕೆ ಕೋಕಾ-ಕೋಲಾ 15 ಲಕ್ಷ ಡಾಲರ್ ಕೊಟ್ಟಿದ್ದು ಪೇಪರಿನಲ್ಲಿ ಬಂತು. ವರ್ಷ ಮುಗಿಯೋದರೊಳಗೆ ಕೂಟಕ್ಕೆ ಬೀಗ.

ಬ್ರಿಟನ್ನಿನವರು 2011ರಲ್ಲಿ ‘ರೆಸ್ಪಾನ್ಸಿಬಿಲಿಟಿ ಡೀಲ್’ ಅಂತ ಮಾಡಿ, ತಿಂಡಿ, ಮದ್ಯದ ಕಂಪನಿಗಳನ್ನು ಕೂರಿಸಿಕೊಂಡು, ನೀವಾಗೇ ಏನಾದರೂ ಒಳ್ಳೇದು ಮಾಡಿ ಅಂದರು. ಮದ್ಯದ ಭಾಗಕ್ಕೆ ಸಹಿ ಹಾಕೋಲ್ಲ ಅಂತ ಅಲ್ಲಿನ ವೈದ್ಯರ ಸಂಘವೇ ಹಿಂದೆ ಸರಿಯಿತು. ಕೂಲ್‌ಡ್ರಿಂಕ್ಸಿನ ಸಕ್ಕರೆ ಸರಸರ ಇಳಿದದ್ದು ಯಾವಾಗ ಗೊತ್ತಾ? ತೆರಿಗೆ ಹಾಕ್ತೀವಿ ಅಂತ 2016ರಲ್ಲಿ ಹೇಳಿದ ಮೇಲೆ. 2018ರಲ್ಲಿ ತೆರಿಗೆ ಬರೋ ಹೊತ್ತಿಗೆ ಎಷ್ಟೋ ಬಾಟಲಿಗಳು ತಾವಾಗೇ ಡಯಟ್ ಮಾಡಿದ್ದವು.

ಇರಲಿ, ಓಪನ್ ಜಿಮ್ ಕತೆ ಹೇಳಬೇಕು. ಕಂಪನಿ ಕೊಟ್ಟ ಸೈಕಲ್ಲಿನ ಎಡಗಡೆ ಪೆಡಲ್ ಎರಡೇ ವಾರಕ್ಕೆ ಕಳಚಿತು. ಈಗ ಅದರ ಮೇಲೆ ಮಾಲಿಯ ಟವೆಲ್ ಒಣಗುತ್ತೆ. ಕೈಯಲ್ಲಿ ತಿರುಗಿಸೋ ಚಕ್ರ ಮಾತ್ರ ಗಟ್ಟಿ. ಅದನ್ನು ಹಿಡಿದುಕೊಂಡು ರಿಟೈರಾದವರು ಮುಕ್ಕಾಲು ಗಂಟೆ ರಾಜಕೀಯ ಮಾತಾಡುತ್ತಾರೆ, ಚಕ್ರ ಮೂರು ಸುತ್ತು ಬರುತ್ತೆ. ಆಮೇಲೆ ಎಲ್ಲರೂ ಗೇಟಿನೆದುರು ದರ್ಶಿನಿಗೆ. ಶುಗರ್ ಅಂಕಲ್ಲಿಗೆ ಚೌಚೌ ಬಾತ್, ಕೇಸರಿಬಾತಿನ ಮೇಲೆ ತುಪ್ಪ ಮಿಣಮಿಣ. ಕಾಫಿ ಮಾತ್ರ ಬೈಟು, ಅದೂ ವಿತೌಟ್. ನನ್ನ ಕಣ್ಣಿಗೆ ಈ ಊರಿನಲ್ಲಿ ನಿಜವಾಗಿ ನಡೆಯುತ್ತಿರೋ ಸಹಭಾಗಿತ್ವ ಇದೊಂದೇ. ಒಡಂಬಡಿಕೆಯಿಲ್ಲ, ರಿಬ್ಬನ್ನಿಲ್ಲ.

ಅಂದಹಾಗೆ ಇಂದಿರಾನಗರದ ಪಾರ್ಕಿನ ಬೋರ್ಡ್ ನೆನಪಿದೆಯಲ್ಲ? ಜಾಗಿಂಗ್ ಮಾಡಬಾರದು, ಗಡಿಯಾರದ ಮುಳ್ಳಿನ ದಿಕ್ಕಿಗೇ ನಡೀಬೇಕು. ಪೊಟ್ಟಣದೊಳಗಿನ ಉಪ್ಪು-ಸಕ್ಕರೆಗೆ ಇಷ್ಟು ಕಟ್ಟುನಿಟ್ಟಿನ ಬೋರ್ಡ್ ಇಲ್ಲ. ಚಿಲಿ ದೇಶ 2016ರಲ್ಲೇ ಪೊಟ್ಟಣದ ಎದುರಿಗೇ ‘ಸಕ್ಕರೆ ಜಾಸ್ತಿ’ ಅಂತ ಕರೀ ಮುದ್ರೆ ಒತ್ತಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಕರಡು ತಂದಿತು: ಮುದ್ರೆಯಲ್ಲ, ಮಾರ್ಕ್ಸ್ ಕೊಟ್ಟ ಹಾಗೆ ನಕ್ಷತ್ರ. ಎಂಥಾ ಜಂಕಿಗೂ ಕಡೇಪಕ್ಷ ಅರ್ಧ ನಕ್ಷತ್ರ. ಫೇಲಾದವನಿಗೂ ಸಮಾಧಾನದ ಬಹುಮಾನ!

ನಗು ಸಾಕು. ನಮ್ಮಮ್ಮನಿಗೆ ಡಾಕ್ಟರು ವಾಕಿಂಗ್ ಹೇಳಿದ್ದಾರೆ. ಮನೆಯಿಂದ ಪಾರ್ಕಿಗೆ 300 ಮೀಟರ್. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಒಂದು, ಫುಟ್‌ಪಾತ್ ಹತ್ತಿದ ಕಾರು ನಾಲ್ಕು, ಚರಂಡಿ ಮೇಲಿನ ಅಲ್ಲಾಡೋ ಚಪ್ಪಡಿ ಎಷ್ಟೋ. ಅದರಲ್ಲೊಂದು ಮಗುಚಿ ಅಮ್ಮನ ಮಂಡಿ ಹೋಯಿತು. ದೂರು ಕೊಟ್ಟೆ. ‘ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು. ಚಪ್ಪಡಿ ಇವತ್ತಿಗೂ ಅಲ್ಲಾಡ್ತಿದೆ. ನಡೆಯಿರಿ ಅಂತ ಬೋರ್ಡ್ ಹಾಕೋಕೆ ಕಂಪನಿ ಸಿಗುತ್ತೆ, ಒಂದು ಚಪ್ಪಡಿ ನೆಟ್ಟಗೆ ಕೂರಿಸೋಕೆ ಯಾರೂ ಸಿಗಲ್ಲ. ಅದರ ಮೇಲೆ ಲೋಗೋ ಹಾಕೋಕಾಗಲ್ಲವಲ್ಲ.

ಅಮ್ಮ ಈಗ ಟೆರೇಸಿನಲ್ಲಿ ನೀರಿನ ಟ್ಯಾಂಕ್ ಸುತ್ತುತ್ತಾಳೆ. ಎಡಕ್ಕೋ ಬಲಕ್ಕೋ, ಅವಳಿಷ್ಟ.