ಪಂಪನಿಗೊಂದು ಹುಟ್ಟುಹಬ್ಬ ಬೇಕಾಗಿದೆ

ಕನ್ನಡದ ಸಾಹಿತ್ಯಸೇವೆ ಈಗ ಬೆಳಗಿನ ಕಾಫಿಗೆ ಮೊದಲೇ ಮುಗಿದುಹೋಗುತ್ತದೆ. ಇಂದು ಯಾವ ಸಾಹಿತಿ ಹುಟ್ಟಿದರು, ಯಾರು ತೀರಿಕೊಂಡರು ಎಂದು ಹುಡುಕಿ, ಭಾವಚಿತ್ರದ ಕೆಳಗೆ ಬದುಕಿನ ಬಗ್ಗೆ ಒಂದು ಸಾಲು ಅಂಟಿಸಿ, ವಾಟ್ಸ್‌ಆ್ಯಪ್ ಬಳಗಗಳಿಗೆಲ್ಲ ದಾಟಿಸಿದರೆ ಆಯಿತು. ಆ ಸಾಲನ್ನು ಅವರು ನಿಜಕ್ಕೂ ಬರೆದಿದ್ದರೇ ಎಂದು ಕೇಳುವವನು ಸಾಹಿತ್ಯದ್ರೋಹಿ. ನಾಲ್ಕು ಸಾಲು ಹೊಸೆದು ಕೊನೆಗೆ ‘ಮಂಕುತಿಮ್ಮ’ ಎಂದು ಸೇರಿಸಿದರೆ ಅದು ಡಿ.ವಿ.ಜಿ. ಅವರ ಖಾತೆಗೆ ಜಮಾ. ಅವರು 1975ರಲ್ಲೇ ತೀರಿಕೊಂಡರೂ ಕಗ್ಗದ ಉತ್ಪಾದನೆ ನಿಂತಿಲ್ಲ.

ಈ ಸೇವೆಯ ಕಷ್ಟ ಓದುವವರಿಗೆ ತಿಳಿಯದು. ಮಾಸ್ತಿಯವರು 1891ರ ಜೂನ್ 6ರಂದು ಹುಟ್ಟಿ, 1986ರ ಜೂನ್ 6ರಂದೇ ಹೊರಟುಬಿಟ್ಟರು. ಶುಭ ಕೋರಬೇಕೋ, ನಮನ ಸಲ್ಲಿಸಬೇಕೋ? ಜಾಣರು ಒಂದೇ ಚಿತ್ರದಲ್ಲಿ ಬಲೂನನ್ನೂ ದೀಪವನ್ನೂ ಇಟ್ಟು ಪಾರಾಗುತ್ತಾರೆ. ಮಾರ್ಚ್ 17ರಂದು ಡಿ.ವಿ.ಜಿ. ಜೊತೆಗೆ ಪು.ತಿ.ನ. ಅವರೂ ಹುಟ್ಟಿದ್ದಾರೆ, ಕಗ್ಗದ ಸುರಿಮಳೆಯಲ್ಲಿ ಮೇಲುಕೋಟೆಯ ಕವಿಯ ಸರದಿ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಜನವರಿ 26ನ್ನೇ ಆರಿಸಿಕೊಂಡರು. ಮೂವತ್ತೈದು ವರ್ಷದ ಮೇಲೆ ಆ ಜಾಗದಲ್ಲಿ ಗಣರಾಜ್ಯ ಬಂದು ಕೂರುತ್ತದೆಂದು ಕಿಕ್ಕೇರಿಯ ಕೂಸಿಗೆ ಹೇಗೆ ತಿಳಿಯಬೇಕು!

ದೊಡ್ಡ ತಲೆನೋವೆಂದರೆ ಪಂಪ. ದುಂದುಭಿ ಸಂವತ್ಸರದಲ್ಲಿ ಹುಟ್ಟಿದೆನೆಂದು ತನ್ನ ಕಾವ್ಯದಲ್ಲಿ ಗತ್ತಿನಿಂದ ಹೇಳಿಕೊಂಡವನು ಮಾಸ, ತಿಥಿ ಕೊಡುವುದನ್ನು ಮರೆತ. ವಿದ್ವಾಂಸರು ಕಷ್ಟಪಟ್ಟು ಕ್ರಿ.ಶ. 902ರವರೆಗೆ ತಂದು ನಿಲ್ಲಿಸಿದರು. ಇಸವಿ ಇಟ್ಟುಕೊಂಡು ಶುಭೋದಯ ಹೇಳಲಾದೀತೇ? ಭಾರತವನ್ನು ಆರು ತಿಂಗಳಲ್ಲಿ, ಆದಿಪುರಾಣವನ್ನು ಮೂರೇ ತಿಂಗಳಲ್ಲಿ ಮುಗಿಸಿದೆನೆಂದೂ ಅವನೇ ಹೇಳಿದ್ದಾನೆ. ಎಳೆಯ ಲೇಖಕರಿಗೆ ಸ್ಫೂರ್ತಿ ಮಾರುವವರಿಗೆ ಎಂಥ ಸರಕು! ‘ತೊಂಬತ್ತು ದಿನಗಳಲ್ಲಿ ನಿಮ್ಮದೇ ಪುರಾಣ’ ಎಂಬ ಆನ್‌ಲೈನ್ ಶಿಬಿರವನ್ನೇ ನಡೆಸಬಹುದಿತ್ತು. ಹಳಗನ್ನಡ ಓದಬೇಕಾಗಿಲ್ಲ, ಪ್ರಮಾಣಪತ್ರ ಉಚಿತ. ಆದರೆ ದಿನಾಂಕವಿಲ್ಲದ ಆದಿಕವಿಗೆ ಬೆಳಗಿನ ಪಟ್ಟಿಯಲ್ಲಿ ಪ್ರವೇಶವಿಲ್ಲ.

ಸರ್ವಜ್ಞನಿಗೆ ಫೆಬ್ರವರಿ 20ನ್ನು ಗೊತ್ತುಮಾಡಿದ ಸರ್ಕಾರ ಪಂಪನಿಗೂ ಒಂದು ದಿನ ಮಂಜೂರು ಮಾಡಲಿ. ನವೆಂಬರ್ ಬೇಡ, ಆ ತಿಂಗಳು ಕನ್ನಡಿಗರಿಗೆ ಪುರುಸೊತ್ತಿರುವುದಿಲ್ಲ. ಚಿತ್ರದಲ್ಲಿ ಶುಭಕೋರುವವರ ಮುಖ ಪಂಪನ ಮುಖಕ್ಕಿಂತ ಎಷ್ಟು ಪಟ್ಟು ದೊಡ್ಡದಿರಬಹುದು ಎಂಬುದನ್ನೂ ಆದೇಶದಲ್ಲೇ ಸ್ಪಷ್ಟಪಡಿಸಿದರೆ ಅನುಕೂಲ.