ಸತ್ಯಾಂಶ: ಮೈಕೆಲ್ಯಾಂಜೆಲೊ ಮಲಗಿಕೊಂಡು ಚಿತ್ರ ಬಿಡಿಸಿದನೇ?

ವ್ಯಾಟಿಕನ್‌ನಲ್ಲಿರುವ ಪೋಪ್‌ನ ಪ್ರಾರ್ಥನಾ ಮಂದಿರ ಸಿಸ್ಟೀನ್ ಚಾಪೆಲ್‌ನ ಚಾವಣಿಯನ್ನು ಇಟಲಿಯ ಕಲಾವಿದ ಮೈಕೆಲ್ಯಾಂಜೆಲೊ ನಾಲ್ಕು ವರ್ಷ ಅಂಗಾತ ಮಲಗಿಕೊಂಡೇ ಚಿತ್ರಿಸಿದ ಅಂತ ಒಂದು ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ವರ್ಷದ ಲೆಕ್ಕ ಸರಿ: 1508ರಿಂದ 1512. ಮಲಗಿದ್ದು ಮಾತ್ರ ಸುಳ್ಳು.

ಆತ ನಿಂತುಕೊಂಡೇ ಕೆಲಸ ಮಾಡಿದ. ಇದಕ್ಕೆ ಅವನದೇ ಸಾಕ್ಷಿ ಇದೆ. ಗೆಳೆಯನಿಗೆ ಬರೆದ ಒಂದು ಪದ್ಯದಲ್ಲಿ ಗಡ್ಡ ಆಕಾಶ ನೋಡುತ್ತಿದೆ, ಕುಂಚದ ಬಣ್ಣ ಮುಖದ ಮೇಲೆ ತೊಟ್ಟಿಕ್ಕುತ್ತಿದೆ, ಬೆನ್ನು ಬಿಲ್ಲಿನಂತೆ ಬಾಗಿದೆ ಎಂದು ಗೋಳು ತೋಡಿಕೊಂಡಿದ್ದಾನೆ. ಅದೇ ಹಾಳೆಯ ಅಂಚಿನಲ್ಲಿ ಒಂದು ಪುಟ್ಟ ಚಿತ್ರವೂ ಇದೆ. ಅದರಲ್ಲಿರುವ ಮನುಷ್ಯ ನಿಂತಿದ್ದಾನೆ, ಕೈ ಮೇಲೆತ್ತಿ ಚಾವಣಿಗೆ ಬಣ್ಣ ಹಚ್ಚುತ್ತಿದ್ದಾನೆ. ಇದಕ್ಕಿಂತ ಜಾಸ್ತಿ ಪುರಾವೆ ಬೇಕಾ?

ಅಟ್ಟಣಿಗೆಯನ್ನೂ ಹಾಗೆಯೇ ಕಟ್ಟಿಸಿದ್ದ. ಚಾವಣಿಯ ಕೆಳಗೆ ನಿಂತು ಓಡಾಡುವಷ್ಟು ಜಾಗವಿತ್ತು. ಅದು ಬೇಕೇ ಬೇಕಿತ್ತು. ಚಾವಣಿಯ ಚಿತ್ರಗಳು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬಿಡಿಸುವ ಚಿತ್ರಗಳು. ಇದರಲ್ಲಿ ಹಸಿ ಸುಣ್ಣದ ಗಾರೆ ಒಣಗುವ ಮುಂಚೆ ಬಣ್ಣ ಹಚ್ಚಬೇಕು, ಆಗಲೇ ಅದು ಗೋಡೆಯಲ್ಲಿ ಹಿಡಿಯುತ್ತದೆ. ಹಾಗಾಗಿ ಆ ದಿನ ಮುಗಿಸುವಷ್ಟೇ ಗಾರೆ ಮೆತ್ತುತ್ತಿದ್ದರು. ಗಾರೆ ಮೆತ್ತುವುದು, ಗೆರೆ ಮೂಡಿಸುವುದು, ಬಣ್ಣ ಹಚ್ಚುವುದು, ಇದೆಲ್ಲ ಮಲಗಿದವನಿಂದ ಆಗುವ ಕೆಲಸವಲ್ಲ.

ಈ ಕಥೆಯ ಗದ್ದಲದಲ್ಲಿ ನಿಜವಾದ ಅಚ್ಚರಿ ಮರೆಯಾಗುತ್ತದೆ ಎಂಬುದೇ ನನಗೆ ಬೇಸರ. ಪೋಪ್‌ನ ಚಾಪೆಲ್‌ನ ಈ ಚಾವಣಿಯ ಚಿತ್ರದಲ್ಲಿ ಬೈಬಲ್‌ನ 7 ಪ್ರವಾದಿಗಳ ಜೊತೆಗೆ 5 ಮಂದಿ ಸಿಬಿಲ್‌ಗಳೂ ಕೂತಿದ್ದಾರೆ. ಇವರು ಗ್ರೀಕ್, ರೋಮನ್ ಕಥೆಗಳಲ್ಲಿ ಭವಿಷ್ಯ ನುಡಿಯುವ ಹೆಂಗಸರು. ಒಬ್ಬಳಂತೂ ಗ್ರೀಕರ ಅಪೊಲೊ ದೇವರ ಗುಡಿಯಿದ್ದ ಡೆಲ್ಫಿಯವಳು! ಯೇಸು ಬರುವುದನ್ನು ಇವರೂ ಮೊದಲೇ ಹೇಳಿದ್ದರು ಎಂದು ಆಗಿನ ಕ್ರೈಸ್ತರು ನಂಬಿದ್ದರು.